ಅಯಾನುಗೋಳ: ಅದರ ಅಳತೆಯೂ ಅಂದಾಜೂ

೧೯೩೫ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ ಬಾನುಲಿ ಕೇಂದ್ರವನ್ನು ತೆರೆದು ಅದಕ್ಕೆ 'ಆಕಾಶವಾಣಿ' ಎಂಬ ಹೆಸರನ್ನಿಟ್ಟರು. ಮುಂದೆ ಆ ಹೆಸರು ರಾಷ್ಟ್ರದ ಬಾನುಲಿ ಸಂಸ್ಥೆಗೇ ಅಂಕಿತವಾಯಿತು. ದೂರದೇಶದ ಕೇಂದ್ರಗಳ ಮಟ್ಟಿಗೆ ಈ ಹೆಸರು ಅಕ್ಷರಶಃ ಸತ್ಯವಾದುದು. ಸಾವಿರಾರು ಕಿಲೋಮೀಟರುಗಳಾಚೆಯಿಂದ ಹೊರಟ ಹ್ರಸ್ವತರಂಗದ ಪ್ರಸಾರವು ನೆಲವನ್ನು ಹಿಡಿದು ಬರುವುದಿಲ್ಲ. ಅದು ಮೇಲಕ್ಕೆ ಏರಿ, ಅಲ್ಲಿ ಬಾಗಿ, ಆಕಾಶದಿಂದಲೇ ಕೇಳುಗನ ಮನೆಗೆ ಇಳಿಯುತ್ತದೆ.

ಬಾನುಲಿಯ ವೈಭವದ ದಿನಗಳನ್ನು ಕಂಡವರಿಗೆ ಇನ್ನೊಂದು ಅನುಭವವೂ ನೆನಪಿರುತ್ತದೆ. ಮಧ್ಯಮತರಂಗದಲ್ಲಿ ಹಗಲೆಲ್ಲ ಹತ್ತಿರದ ಕೇಂದ್ರವೊಂದೇ ಸ್ಪಷ್ಟವಾಗಿ ಕೇಳುತ್ತಿತ್ತು. ದೀಪ ಹಚ್ಚುವ ಹೊತ್ತು ಕಳೆಯಿತೆಂದರೆ ಎಲ್ಲೆಲ್ಲಿಯದೋ ಭಾಷೆ, ಎಲ್ಲೆಲ್ಲಿಯದೋ ಸಂಗೀತ ಅದರೊಡನೆ ಕಲೆಯುತ್ತಿತ್ತು. ಹ್ರಸ್ವತರಂಗದಲ್ಲಿ ಬರುತ್ತಿದ್ದ ರೇಡಿಯೋ ಸಿಲೋನಿನ ಹಾಡು ಒಮ್ಮೆ ಏರಿ ಒಮ್ಮೆ ಇಳಿದು ತೂಗಾಡುತ್ತಿತ್ತು. ಯಂತ್ರ ಕೆಟ್ಟಿತೆಂದು ಅನೇಕರು ಅದನ್ನು ದುರಸ್ತಿಗೆ ಒಯ್ದುದೂ ಉಂಟು. ಆದರೆ ಬದಲಾವಣೆ ನಡೆಯುತ್ತಿದ್ದುದು ಯಂತ್ರದಲ್ಲಲ್ಲ. ನೆಲದಿಂದ ಅರುವತ್ತು ಕಿಲೋಮೀಟರಿಗೂ ಮೇಲೆ ಹಬ್ಬಿರುವ ಅಯಾನುಗೋಳದಲ್ಲಿ. ಆ ಗೋಳದ ಏರಿಳಿತಗಳನ್ನು ಅಳೆಯುವ ಮತ್ತು ಮುಂದಾಗಿ ಅಂದಾಜು ಮಾಡುವ ಪ್ರಯತ್ನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

೧. ಅಯಾನುಗೋಳದ ಸ್ವರೂಪ

ಸೂರ್ಯನಿಂದ ಬರುವ ಅತಿನೇರಳೆ ಕಿರಣಗಳೂ ಕ್ಷ-ಕಿರಣಗಳೂ ಮೇಲಣ ವಾಯುಮಂಡಲದ ಪರಮಾಣುಗಳಿಂದ, ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬಿಡಿಸುತ್ತವೆ. ಹೀಗೆ ಎಲೆಕ್ಟ್ರಾನನ್ನು ಕಳೆದುಕೊಂಡು ಧನವಿದ್ಯುದಂಶವುಳ್ಳದ್ದಾದ ಕಣವೇ ಅಯಾನು. ಬಿಡಿಯಾದ ಎಲೆಕ್ಟ್ರಾನು ಮತ್ತು ಅಯಾನುಗಳು ಗಣನೀಯವಾಗಿರುವ ವಲಯಕ್ಕೆ ಅಯಾನುಗೋಳವೆಂದು ಹೆಸರು.

ಈ ಗೋಳದಲ್ಲಿ ಮುಖ್ಯವಾಗಿ ಮೂರು ಪದರಗಳನ್ನು ಗುರುತಿಸುತ್ತಾರೆ. ಸುಮಾರು ೬೦ರಿಂದ ೯೦ ಕಿ.ಮೀ. ಎತ್ತರದವರೆಗೆ ಡಿ ಪದರ. ಅಲ್ಲಿಂದ ಸುಮಾರು ೧೫೦ ಕಿ.ಮೀ.ವರೆಗೆ ಇ ಪದರ. ಅದಕ್ಕೂ ಮೇಲೆ ಎಫ್ ಪದರ. ಎಲೆಕ್ಟ್ರಾನುಗಳ ಸಾಂದ್ರತೆ ಎಲ್ಲಕ್ಕಿಂತ ಹೆಚ್ಚಾಗಿರುವುದು ಎಫ್ ಪದರದಲ್ಲಿ, ಸಾಮಾನ್ಯವಾಗಿ ೨೫೦ರಿಂದ ೪೦೦ ಕಿ.ಮೀ. ಎತ್ತರದಲ್ಲಿ. ಅಲ್ಲಿ ಹಗಲಿನ ವೇಳೆ ಒಂದು ಘನ ಸೆಂಟಿಮೀಟರಿನಲ್ಲಿ ಹತ್ತು ಲಕ್ಷದಷ್ಟು ಎಲೆಕ್ಟ್ರಾನುಗಳಿರಬಹುದು. ಇಷ್ಟಾದರೂ ಆ ಎತ್ತರದಲ್ಲಿ ವಿದ್ಯುದಂಶವಿಲ್ಲದ ಕಣಗಳದೇ ಬಹುಪಾಲು.

ಬಿಡಿಸಲ್ಪಟ್ಟ ಎಲೆಕ್ಟ್ರಾನು ಅವಕಾಶ ದೊರೆತಾಗ ಮತ್ತೆ ಅಯಾನಿನೊಡನೆ ಕೂಡಿಕೊಳ್ಳುತ್ತದೆ. ಕೆಳಗಿನ ಡಿ ಪದರದಲ್ಲಿ ವಾಯು ದಟ್ಟವಾಗಿರುವುದರಿಂದ ಈ ಮರುಕೂಡಿಕೆ ಬಹು ಶೀಘ್ರ. ಸೂರ್ಯಾಸ್ತವಾದೊಡನೆ ಆ ಪದರ ಬಹುಮಟ್ಟಿಗೆ ಅಳಿದುಹೋಗುತ್ತದೆ. ಮೇಲಿನ ಎಫ್ ಪದರದಲ್ಲಿ ವಾಯು ವಿರಳ. ಅಲ್ಲಿ ಕೂಡಿಕೆ ನಿಧಾನ. ಆದುದರಿಂದ ಆ ಪದರ ಕ್ಷೀಣಿಸಿದರೂ ರಾತ್ರಿಯೆಲ್ಲ ಉಳಿಯುತ್ತದೆ. ಇದೇ ಮೇಲೆ ಹೇಳಿದ ಅನುಭವಕ್ಕೆ ಉತ್ತರ. ಹಗಲಿನಲ್ಲಿ ಡಿ ಪದರವು ಮಧ್ಯಮತರಂಗಗಳನ್ನು ಮೇಲೇರಗೊಡದೆ ಹೀರಿಬಿಡುತ್ತದೆ. ರಾತ್ರಿ ಆ ತಡೆ ಇಲ್ಲವಾಗಿ ಅಲೆಗಳು ಮೇಲಿನ ಪದರಗಳನ್ನು ಮುಟ್ಟಿ, ಬಾಗಿ, ದೂರದ ಊರುಗಳಿಗೆ ಇಳಿಯುತ್ತವೆ.

೨. ಶೋಧನೆಯ ಮಾರ್ಗ

೧೯೦೧ರ ಡಿಸೆಂಬರ್ ೧೨ರಂದು, ಇಂಗ್ಲೆಂಡಿನ ಪೋಲ್ಡ್ಯುವಿನಿಂದ ಕಳುಹಿಸಿದ ಸಂಕೇತವನ್ನು ಅಟ್ಲಾಂಟಿಕ್ ಸಾಗರದ ಆಚೆಯ ನ್ಯೂಫೌಂಡ್‌ಲೆಂಡಿನಲ್ಲಿ ಆಲಿಸಿದುದಾಗಿ ಮಾರ್ಕೋನಿ ಸಾರಿದರು. ನಡುವಣ ಅಂತರ ಸುಮಾರು ೩,೪೦೦ ಕಿ.ಮೀ. ಬೆಳಕಿನಂತೆ ನೇರವಾಗಿ ಸಾಗಬೇಕಾದ ಅಲೆ ಭೂಮಿಯ ಗುಂಡಾದ ಮೈಯನ್ನು ದಾಟಿ ಹೋದುದು ಹೇಗೆಂಬ ಪ್ರಶ್ನೆ ಎದ್ದಿತು. ಮರುವರ್ಷವೇ ಅಮೆರಿಕದ ಕೆನೆಲಿ ಮತ್ತು ಇಂಗ್ಲೆಂಡಿನ ಹೆವಿಸೈಡ್, ವಿದ್ಯುತ್ತನ್ನು ಹರಿಯಗೊಡುವ ಪದರವೊಂದು ಮೇಲಣ ವಾಯುವಿನಲ್ಲಿರಬೇಕೆಂದು ಬೇರೆಬೇರೆಯಾಗಿ ಸೂಚಿಸಿದರು. ಅದು ಊಹೆ ಮಾತ್ರವಾಗಿತ್ತು. ಅಳತೆ ಇನ್ನೂ ಆಗಿರಲಿಲ್ಲ.

ಅಳತೆ ದೊರೆತುದು ೧೯೨೪ರ ಡಿಸೆಂಬರಿನಲ್ಲಿ. ಆಪಲ್‌ಟನ್ ಮತ್ತು ಬಾರ್ನೆಟ್ ಎಂಬ ವಿಜ್ಞಾನಿಗಳು ಬೋರ್ನ್‌ಮತ್ ಪ್ರಸಾರ ಕೇಂದ್ರದ ಅಲೆಯ ಆವೃತ್ತಿಯನ್ನು ಮೆಲ್ಲಮೆಲ್ಲನೆ ಬದಲಿಸುವ ಏರ್ಪಾಡು ಮಾಡಿ ಆಕ್ಸ್‌ಫರ್ಡಿನಲ್ಲಿ ಅದನ್ನು ಸ್ವೀಕರಿಸಿದರು. ನೆಲದ ಮೇಲೆ ಬಂದ ಅಲೆಯೂ ಆಕಾಶದಿಂದ ಮರಳಿದ ಅಲೆಯೂ ಒಂದಕ್ಕೊಂದು ಸೇರಿದಾಗ ಧ್ವನಿ ಏರುವುದು, ಇಳಿಯುವುದು. ಆ ಏರಿಳಿತಗಳನ್ನು ಎಣಿಸಿ ಎರಡು ಮಾರ್ಗಗಳ ಅಂತರವನ್ನೂ, ಅದರಿಂದ ಪದರದ ಎತ್ತರವನ್ನೂ ಲೆಕ್ಕ ಹಾಕಿದರು. ಸುಮಾರು ನೂರು ಕಿ.ಮೀ.ಗೆ ಸಮೀಪವಾದ ಎತ್ತರ ದೊರೆಯಿತು. ಅದಕ್ಕೂ ಮೇಲೆ ಮತ್ತೊಂದು ಪದರವಿರುವುದನ್ನೂ ಆಪಲ್‌ಟನ್ ತೋರಿಸಿದರು. ಈ ಸಂಶೋಧನೆಗಳಿಗಾಗಿ ೧೯೪೭ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಭಾರತವೂ ಈ ಕಾರ್ಯದಲ್ಲಿ ಹಿಂದೆ ಉಳಿಯಲಿಲ್ಲ. ೧೯೩೦ರ ಸುಮಾರಿಗೇ ಕಲಕತ್ತೆಯಲ್ಲಿ ಪ್ರೊ. ಶಿಶಿರಕುಮಾರ ಮಿತ್ರ ಮತ್ತು ಅವರ ಶಿಷ್ಯರು ಇ ಪದರದ ಇರವನ್ನು ಪ್ರಯೋಗದಿಂದ ಕಂಡುಕೊಂಡರು. ೧೯೪೭ರಲ್ಲಿ ಪ್ರಕಟವಾದ 'ದಿ ಅಪ್ಪರ್ ಅಟ್ಮಾಸ್ಫಿಯರ್' ಎಂಬ ಅವರ ಗ್ರಂಥ ಜಗತ್ತಿನ ವಿದ್ವಾಂಸರಿಗೆಲ್ಲ ಆಕರಗ್ರಂಥವಾಯಿತು.

೩. ಅಳೆಯುವ ಬಗೆಗಳು

ಅಯಾನುಗೋಳವನ್ನು ಅಳೆಯುವ ಮೊದಲ ವಿಧಾನ ಪ್ರತಿಧ್ವನಿಯದು. ೧೯೨೫ರಲ್ಲಿ ಅಮೆರಿಕದ ಬ್ರೈಟ್ ಮತ್ತು ಟೂವ್ ಇದನ್ನು ಬಳಕೆಗೆ ತಂದರು. ಬೆಟ್ಟದ ಮುಂದೆ ನಿಂತು ಕೂಗಿದವನು, ಮರುದನಿ ಬರಲು ಹಿಡಿದ ಹೊತ್ತಿನಿಂದ ಬೆಟ್ಟದ ದೂರವನ್ನು ತಿಳಿಯುವಂತೆ, ಮೇಲಕ್ಕೆ ರೇಡಿಯೋ ಅಲೆಯ ಚಿಕ್ಕ ತುಣುಕುಗಳನ್ನು ಕಳುಹಿಸಿ ಅವು ಮರಳುವ ಕಾಲವನ್ನು ಅಳೆಯುತ್ತಾರೆ. ಅಲೆಯ ವೇಗ ಸೆಕೆಂಡಿಗೆ ಮೂರು ಲಕ್ಷ ಕಿ.ಮೀ. ಪ್ರತಿಧ್ವನಿ ಒಂದು ಸೆಕೆಂಡಿನ ಸಾವಿರದಲ್ಲಿ ಎರಡು ಭಾಗದಷ್ಟು ಕಾಲದಲ್ಲಿ ಮರಳಿದರೆ ಅಲೆ ಹೋಗಿ ಬಂದ ದಾರಿ ೬೦೦ ಕಿ.ಮೀ.; ಆದುದರಿಂದ ಎತ್ತರ ೩೦೦ ಕಿ.ಮೀ. ಅಯಾನುಗೋಳದೊಳಗೆ ಅಲೆಯ ತುಣುಕು ನಿಧಾನವಾಗುವುದರಿಂದ ಈ ಎತ್ತರ ನಿಜವಾದುದಕ್ಕಿಂತ ತುಸು ಹೆಚ್ಚಾಗಿ ತೋರುತ್ತದೆ. ಅದನ್ನು ಲೆಕ್ಕದಿಂದ ತಿದ್ದಿಕೊಳ್ಳಬೇಕು.

ಈ ಕೆಲಸಕ್ಕಾಗಿಯೇ ಇರುವ ಅಯಾನೋಸೋಂಡ್ ಎಂಬ ಯಂತ್ರವು ಆವೃತ್ತಿಯನ್ನು ಸುಮಾರು ಒಂದು ಮೆಗಾಹರ್ಟ್ಸಿನಿಂದ ಇಪ್ಪತ್ತು ಮೆಗಾಹರ್ಟ್ಸಿನವರೆಗೆ ಏರಿಸುತ್ತ ಹೋಗುತ್ತದೆ. ಒಂದು ಮಿತಿಯನ್ನು ಮೀರಿದೊಡನೆ ಅಲೆ ಮರಳದೆ ಪದರವನ್ನು ತೂರಿಕೊಂಡು ಅಂತರಿಕ್ಷಕ್ಕೆ ಹೊರಟುಹೋಗುತ್ತದೆ. ಆ ಮಿತಿಗೆ ಸಂಧಿ ಆವೃತ್ತಿ ಎನ್ನಬಹುದು. ಒಂದು ಘನ ಸೆಂಟಿಮೀಟರಿನಲ್ಲಿರುವ ಎಲೆಕ್ಟ್ರಾನುಗಳ ಸಂಖ್ಯೆಯ ವರ್ಗಮೂಲವನ್ನು ೯ರಿಂದ ಗುಣಿಸಿದರೆ ಸಂಧಿ ಆವೃತ್ತಿ ಕಿಲೋಹರ್ಟ್ಸಿನಲ್ಲಿ ದೊರೆಯುತ್ತದೆ. ಹತ್ತು ಲಕ್ಷ ಎಲೆಕ್ಟ್ರಾನುಗಳಿದ್ದರೆ ವರ್ಗಮೂಲ ಸಾವಿರ. ಸಂಧಿ ಆವೃತ್ತಿ ೯,೦೦೦ ಕಿಲೋಹರ್ಟ್ಸ್, ಅಂದರೆ ೯ ಮೆಗಾಹರ್ಟ್ಸ್. ಪ್ರೌಢಶಾಲೆಯ ವಿದ್ಯಾರ್ಥಿ ಮಾಡಬಲ್ಲ ಈ ಲೆಕ್ಕದಿಂದ ಅಷ್ಟು ಎತ್ತರದಲ್ಲಿನ ಎಲೆಕ್ಟ್ರಾನುಗಳ ಎಣಿಕೆ ಸಿದ್ಧಿಸುತ್ತದೆ.

ಎರಡನೆಯದು ರಾಕೆಟ್ಟಿನ ವಿಧಾನ. ಉಪಕರಣವನ್ನೇ ಪದರದೊಳಕ್ಕೆ ಕಳುಹಿಸಿ ಅಲ್ಲಿಯೇ ಅಳೆಯುವುದು ಇದರ ಕ್ರಮ. ಕೇರಳದ ತುಂಬಾದಲ್ಲಿ ೧೯೬೩ರ ನವೆಂಬರ್ ೨೧ರಂದು ಮೊದಲ ರಾಕೆಟ್ ಹಾರಿತು. ಮೀನುಗಾರರ ಆ ಚಿಕ್ಕ ಗ್ರಾಮವನ್ನು ಆರಿಸಿಕೊಂಡುದಕ್ಕೆ ಮುಖ್ಯ ಕಾರಣ, ಭೂಮಿಯ ಕಾಂತೀಯ ಸಮಭಾಜಕವೃತ್ತ ಅದರ ಸಮೀಪದಲ್ಲಿ ಹಾದುಹೋಗುವುದು.

ಮೂರನೆಯದು ಉಪಗ್ರಹಗಳ ವಿಧಾನ. ಅಮೆರಿಕದ ಜಿಪಿಎಸ್ ಉಪಗ್ರಹಗಳು ೧೫೭೫.೪೨ ಮತ್ತು ೧೨೨೭.೬೦ ಮೆಗಾಹರ್ಟ್ಸ್ ಎಂಬ ಎರಡು ಆವೃತ್ತಿಗಳಲ್ಲಿ ಸಂಕೇತಗಳನ್ನು ಕಳುಹಿಸುತ್ತವೆ. ಅಯಾನುಗೋಳವನ್ನು ಹಾದುಬರುವಾಗ ಎರಡೂ ವಿಳಂಬಗೊಳ್ಳುತ್ತವೆ. ಕಡಿಮೆ ಆವೃತ್ತಿಯದು ಹೆಚ್ಚು ವಿಳಂಬಗೊಳ್ಳುತ್ತದೆ. ಈ ವ್ಯತ್ಯಾಸವನ್ನು ಅಳೆದರೆ, ಉಪಗ್ರಹದಿಂದ ನೆಲದವರೆಗೆ ಒಂದು ಚದರ ಮೀಟರ್ ಅಡ್ಡಗಲದ ಕಂಬದಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ಎಂಬುದು ಗೊತ್ತಾಗುತ್ತದೆ. ಒಂದರ ಮುಂದೆ ಹದಿನಾರು ಸೊನ್ನೆಗಳಷ್ಟು ಎಲೆಕ್ಟ್ರಾನುಗಳನ್ನು ಒಂದು ಮಾನವೆಂದು ಹಿಡಿಯುತ್ತಾರೆ. ಇಂತಹ ಒಂದು ಮಾನಕ್ಕೆ ಜಿಪಿಎಸ್‌ನ ಮೊದಲ ಆವೃತ್ತಿಯಲ್ಲಿ ದೂರದ ಎಣಿಕೆ ೧೬ ಸೆಂಟಿಮೀಟರಿನಷ್ಟು ತಪ್ಪುತ್ತದೆ. ನೂರು ಮಾನಗಳಾದರೆ ೧೬ ಮೀಟರ್.

ಇವಲ್ಲದೆ ಪ್ರಕೃತಿಯೇ ಒಮ್ಮೊಮ್ಮೆ ಪ್ರಯೋಗವನ್ನು ಏರ್ಪಡಿಸಿಕೊಡುತ್ತದೆ. ಸೂರ್ಯಗ್ರಹಣ ಅಂತಹ ಪ್ರಯೋಗ. ೧೯೩೨ರ ಆಗಸ್ಟ್ ೩೧ರ ಗ್ರಹಣಕಾಲದಲ್ಲಿ ಸೂರ್ಯನ ಬೆಳಕು ಮರೆಯಾದ ಹಾಗೆಯೇ ಅಯಾನುಗಳೂ ಕಡಿಮೆಯಾದುದನ್ನು ಅಳೆದು, ಅಯಾನುಗೋಳಕ್ಕೆ ಮುಖ್ಯ ಕಾರಣ ಸೂರ್ಯನ ಅತಿನೇರಳೆ ಬೆಳಕೇ ಎಂದು ದೃಢಪಡಿಸಲಾಯಿತು. ೧೯೮೦ರ ಫೆಬ್ರವರಿ ೧೬ರಂದು ಹುಬ್ಬಳ್ಳಿ, ಗದಗ, ರಾಯಚೂರು ಪ್ರದೇಶಗಳಲ್ಲಿ ಖಗ್ರಾಸ ಗ್ರಹಣವನ್ನು ಕಂಡವರ ತಲೆಯ ಮೇಲೆಯೂ, ಕಣ್ಣಿಗೆ ಕಾಣದಂತೆ, ಕೆಳಪದರಗಳ ಎಲೆಕ್ಟ್ರಾನುಗಳು ಕ್ಷೀಣಿಸಿ ಮತ್ತೆ ತುಂಬಿಕೊಂಡಿದ್ದವು.

೪. ಭಾರತದ ಆಕಾಶದ ವೈಶಿಷ್ಟ್ಯ

ಸೂರ್ಯನು ನೆತ್ತಿಯ ಮೇಲಿರುವಲ್ಲಿ ಎಲೆಕ್ಟ್ರಾನುಗಳು ಅತ್ಯಧಿಕವಾಗಿರಬೇಕೆಂದು ಯಾರೂ ಊಹಿಸಬಹುದು. ಆದರೆ ೧೯೪೬ರಲ್ಲಿ ಆಪಲ್‌ಟನ್ ಬೇರೆಯೇ ಚಿತ್ರವನ್ನು ಮುಂದಿಟ್ಟರು. ಕಾಂತೀಯ ಸಮಭಾಜಕದ ಮೇಲೆ ಸಾಂದ್ರತೆ ತಗ್ಗಾಗಿದ್ದು, ಅದರ ಇಕ್ಕೆಲಗಳಲ್ಲಿ ಸುಮಾರು ೧೫ ಡಿಗ್ರಿಗಳಷ್ಟು ದೂರದಲ್ಲಿ ಎರಡು ದಿಬ್ಬಗಳಿವೆ. ಕಾರಣವಿದು: ಕಾಂತೀಯ ಸಮಭಾಜಕದಲ್ಲಿ ಭೂಮಿಯ ಕಾಂತರೇಖೆಗಳು ನೆಲಕ್ಕೆ ಸಮಾನಾಂತರವಾಗಿ ಉತ್ತರಾಭಿಮುಖವಾಗಿರುತ್ತವೆ. ಹಗಲಿನಲ್ಲಿ ಪೂರ್ವಾಭಿಮುಖವಾದ ವಿದ್ಯುತ್ ಕ್ಷೇತ್ರವೊಂದು ಅಲ್ಲಿ ಏರ್ಪಡುತ್ತದೆ. ಇವೆರಡರ ಜಂಟಿ ಪ್ರಭಾವದಿಂದ ಎಲೆಕ್ಟ್ರಾನು ಮತ್ತು ಅಯಾನುಗಳು ಮೇಲಕ್ಕೆ ಎತ್ತಲ್ಪಟ್ಟು, ಕಾರಂಜಿಯ ನೀರಿನಂತೆ ಕಾಂತರೇಖೆಗಳ ಗುಂಟ ಎರಡೂ ಬದಿಗೆ ಇಳಿದು ಬೀಳುತ್ತವೆ.

ಭಾರತದಲ್ಲಿ ತಿರುವನಂತಪುರವು ತಗ್ಗಿನ ಸಮೀಪವಿದ್ದರೆ ಅಹಮದಾಬಾದು ದಿಬ್ಬದ ಸಮೀಪವಿದೆ. ಕರ್ನಾಟಕದ ಆಕಾಶ ಇವೆರಡರ ನಡುವಣ ಏರಿನಲ್ಲಿದೆ. ಕೊಡೈಕಾನಲ್ ವೀಕ್ಷಣಾಲಯದಲ್ಲಿ ೧೯೫೦ರ ದಶಕದಲ್ಲಿ ಆರಂಭವಾದ ಅಳತೆಗಳೂ, ಅಹಮದಾಬಾದಿನ ಭೌತ ಸಂಶೋಧನಾಲಯದ ಅಳತೆಗಳೂ ಈ ಚಿತ್ರವನ್ನು ತುಂಬಿಕೊಟ್ಟವು. ೧೯೫೭ರ ಜುಲೈಯಿಂದ ೧೯೫೮ರ ಡಿಸೆಂಬರಿನವರೆಗೆ ನಡೆದ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಜಗತ್ತಿನ ಅನೇಕ ಕೇಂದ್ರಗಳು ಒಂದೇ ಕ್ರಮದಲ್ಲಿ, ಹಗಲಿರುಳೆನ್ನದೆ ದಾಖಲೆಗಳನ್ನು ಇರಿಸಿದವು.

ಸಮಭಾಜಕ ಪ್ರದೇಶಕ್ಕೆ ಇನ್ನೊಂದು ತೊಡಕೂ ಇದೆ. ಸೂರ್ಯಾಸ್ತದ ಅನಂತರ ಕೆಳಪದರಗಳು ಬೇಗನೆ ಕ್ಷೀಣಿಸಿ, ಎಫ್ ಪದರದ ತಳದಲ್ಲಿ ವಿರಳವಾದ ಗುಳ್ಳೆಗಳು ಹುಟ್ಟಿ, ಕುದಿಯುವ ನೀರಿನಲ್ಲಿ ಏಳುವಂತೆ ಮೇಲೇಳುತ್ತವೆ. ಇದರ ಕುರುಹನ್ನು ೧೯೩೮ರಲ್ಲಿ ಬುಕರ್ ಮತ್ತು ವೆಲ್ಸ್ ಪೆರು ದೇಶದ ಹುವಾಂಕಾಯೊ ಕೇಂದ್ರದ ದಾಖಲೆಗಳಲ್ಲಿ ವರ್ಣಿಸಿದರು. ಇಂತಹ ಗುಳ್ಳೆಗಳನ್ನು ಹಾದುಬರುವ ಉಪಗ್ರಹದ ಸಂಕೇತ ನಕ್ಷತ್ರದಂತೆ ಮಿನುಗಿ, ಒಮ್ಮೊಮ್ಮೆ ಕಡಿದೇ ಹೋಗುತ್ತದೆ. ಭಾರತದಲ್ಲಿ ವಿಷುವತ್ತಿನ ಆಸುಪಾಸಿನ ತಿಂಗಳುಗಳಲ್ಲಿ, ಸೌರಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ ಇದರ ಬಾಧೆ ಅಧಿಕ.

೫. ಮಾದರಿಗಳ ರಚನೆ

ಎಲ್ಲ ಸ್ಥಳಗಳಲ್ಲಿ ಎಲ್ಲ ಕಾಲಕ್ಕೂ ಅಳೆಯುವುದು ಅಸಾಧ್ಯ. ಅಳೆದ ಸ್ಥಳಗಳಿಂದ ಅಳೆಯದ ಸ್ಥಳಗಳನ್ನೂ, ಕಳೆದ ದಿನಗಳಿಂದ ಬರುವ ದಿನಗಳನ್ನೂ ಅಂದಾಜು ಮಾಡುವ ಗಣಿತದ ಕಟ್ಟಡವೇ ಮಾದರಿ.

ಕೆರೆಯ ದೃಷ್ಟಾಂತದಿಂದ ಇದನ್ನು ತಿಳಿಯಬಹುದು. ಕೆರೆಯಲ್ಲಿ ನಾಳೆ ಎಷ್ಟು ನೀರಿರುವುದೆಂದು ಹೇಳಲು ಎರಡು ದಾರಿಗಳಿವೆ. ಐವತ್ತು ವರ್ಷಗಳ ದಾಖಲೆಯನ್ನು ತೆಗೆದು, ಈ ಮಾಸದಲ್ಲಿ ಸಾಮಾನ್ಯವಾಗಿ ಇಷ್ಟಿರುತ್ತದೆ ಎನ್ನುವುದು ಒಂದು. ಹಳ್ಳದಿಂದ ಬರುವ ನೀರೆಷ್ಟು, ಇಂಗಿಹೋಗುವುದೆಷ್ಟು, ತೂಬಿನಿಂದ ಹರಿದುಹೋಗುವುದೆಷ್ಟು ಎಂದು ಲೆಕ್ಕವಿಡುವುದು ಇನ್ನೊಂದು. ಅಯಾನುಗೋಳದಲ್ಲಿ ಸೂರ್ಯಕಿರಣದಿಂದಾಗುವ ಉತ್ಪತ್ತಿಯೇ ಒಳಹರಿವು, ಮರುಕೂಡಿಕೆಯೇ ಇಂಗುವಿಕೆ, ಮೇಲಣ ಗಾಳಿ ಮತ್ತು ವಿದ್ಯುತ್ ಕ್ಷೇತ್ರಗಳಿಂದಾಗುವ ಸಾಗಾಟವೇ ತೂಬು. ೧೯೩೧ರಲ್ಲಿ ಸಿಡ್ನಿ ಚಾಪ್‌ಮನ್ ಪದರದ ಉತ್ಪತ್ತಿಗೆ ಸೂತ್ರವನ್ನು ಕೊಟ್ಟು ಎರಡನೆಯ ದಾರಿಯನ್ನು ತೆರೆದರು.

ಮೊದಲ ದಾರಿಯ ಪ್ರಸಿದ್ಧ ಫಲ ಅಂತರರಾಷ್ಟ್ರೀಯ ಉಲ್ಲೇಖ ಅಯಾನುಗೋಳವೆಂಬ ಮಾದರಿ. ೧೯೬೦ರ ದಶಕದ ಕೊನೆಯಲ್ಲಿ ಆರಂಭವಾದ ಈ ಕಾರ್ಯ ದಶಕಗಳಿಂದ ಪರಿಷ್ಕರಣಗೊಳ್ಳುತ್ತ ಬಂದಿದೆ. ಸ್ಥಳ, ಕಾಲ ಮತ್ತು ಸೂರ್ಯನ ಸ್ಥಿತಿಯನ್ನು ತಿಳಿಸಿದರೆ ಅದು ಮಾಸಿಕ ಸಾಮಾನ್ಯ ಸಾಂದ್ರತೆಯನ್ನು ಕೊಡುತ್ತದೆ. ಸೂರ್ಯನ ಕಲೆಗಳು ಸುಮಾರು ೧೧ ವರ್ಷಗಳಿಗೊಮ್ಮೆ ಹೆಚ್ಚಿ ಕಡಿಮೆಯಾಗುವುದರಿಂದ ಆ ಸ್ಥಿತಿಯನ್ನು ಬಿಡದೆ ಅಳೆಯುವುದು ಅಗತ್ಯ. ಕೆನಡಾದಲ್ಲಿ ಸೂರ್ಯನಿಂದ ಬರುವ ೧೦.೭ ಸೆಂಟಿಮೀಟರ್ ತರಂಗದ ತೀವ್ರತೆಯನ್ನು ೧೯೪೭ರಿಂದ ಅಳೆಯುತ್ತ ಬಂದಿದ್ದಾರೆ.

ಜಿಪಿಎಸ್ ಬಳಸುವ ಸಾಮಾನ್ಯ ಯಂತ್ರಗಳಿಗೆ ಅಮೆರಿಕದ ಕ್ಲೋಬುಚಾರ್ ಇನ್ನೂ ಸರಳವಾದ ಮಾದರಿಯನ್ನು ರಚಿಸಿದರು. ಉಪಗ್ರಹವು ಎಂಟು ಸಂಖ್ಯೆಗಳನ್ನು ಮಾತ್ರ ಕಳುಹಿಸುತ್ತದೆ. ಅಯಾನುಗೋಳವೆಲ್ಲ ೩೫೦ ಕಿ.ಮೀ. ಎತ್ತರದ ಒಂದು ತೆಳುವಾದ ಹೊದಿಕೆ. ವಿಳಂಬ ರಾತ್ರಿ ಸ್ಥಿರ, ಹಗಲು ಎರಡು ಗಂಟೆಯ ಸುಮಾರಿಗೆ ಗರಿಷ್ಠ — ಇಷ್ಟೇ ಅದರ ಕಲ್ಪನೆ. ಇದು ದೋಷದ ಸುಮಾರು ಅರ್ಧವನ್ನು ನಿವಾರಿಸುತ್ತದೆ. ದಾರಿ ಹುಡುಕುವ ಪ್ರಯಾಣಿಕನಿಗೆ ಅಷ್ಟು ಸಾಕು. ಮೋಡದೊಳಗಿಂದ ಇಳಿಯುವ ವಿಮಾನಕ್ಕೆ ಸಾಲದು.

೬. ತನ್ನ ದೋಷವನ್ನು ತಾನೇ ಹೇಳುವ ಮಾದರಿ

ವಿಮಾನಗಳಿಗೆ ಉಪಗ್ರಹದ ಮಾರ್ಗದರ್ಶನವನ್ನು ನಂಬಿಕೆಗೆ ಅರ್ಹವಾಗುವಂತೆ ಮಾಡಲು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಮತ್ತು ವಿಮಾನ ನಿಲ್ದಾಣಗಳ ಪ್ರಾಧಿಕಾರ ಸೇರಿ 'ಗಗನ್' ಎಂಬ ವ್ಯವಸ್ಥೆಯನ್ನು ನಿರ್ಮಿಸಿದವು. ಜಮ್ಮುವಿನಿಂದ ತಿರುವನಂತಪುರದವರೆಗೆ, ಪೋರಬಂದರಿನಿಂದ ದಿಬ್ರುಗಢದವರೆಗೆ ಹದಿನೈದು ಕೇಂದ್ರಗಳು ಜಿಪಿಎಸ್ ಸಂಕೇತಗಳನ್ನು ಸತತವಾಗಿ ಅಳೆಯುತ್ತವೆ. ಆ ಅಳತೆಗಳು ಬೆಂಗಳೂರಿನ ಕುಂದಲಹಳ್ಳಿಯ ಮುಖ್ಯ ನಿಯಂತ್ರಣ ಕೇಂದ್ರವನ್ನು ಸೇರುತ್ತವೆ. ಅಲ್ಲಿ ತಯಾರಾದ ತಿದ್ದುಪಡಿ ಭೂಸ್ಥಿರ ಉಪಗ್ರಹಗಳ ಮೂಲಕ ವಿಮಾನಗಳನ್ನು ತಲುಪುತ್ತದೆ.

ಇಂತಹ ವ್ಯವಸ್ಥೆಗಳು ಅಮೆರಿಕ, ಯುರೋಪು ಮತ್ತು ಜಪಾನುಗಳಲ್ಲಿ ಮೊದಲೇ ಇದ್ದವು. ಅಲ್ಲಿನ ಆಕಾಶ ಬಹುಮಟ್ಟಿಗೆ ಶಾಂತ. ಒಂದೇ ತೆಳುಹೊದಿಕೆಯ ಮಾದರಿ ಅಲ್ಲಿ ನಡೆಯುತ್ತದೆ. ದಿಬ್ಬ, ತಗ್ಗು ಮತ್ತು ಸಂಜೆಯ ಗುಳ್ಳೆಗಳಿರುವ ಭಾರತದ ಆಕಾಶಕ್ಕೆ ಅದನ್ನು ಹಾಗೆಯೇ ಅಳವಡಿಸುವಂತಿರಲಿಲ್ಲ. ಆದುದರಿಂದ ಹಲವು ಪದರಗಳನ್ನು ಒಟ್ಟಿಗೆ ಗಣನೆಗೆ ತರುವ ಬೇರೆ ಮಾದರಿಯನ್ನು ಭಾರತೀಯ ವಿಜ್ಞಾನಿಗಳೇ ರೂಪಿಸಬೇಕಾಯಿತು. ೨೦೧೩ರ ಡಿಸೆಂಬರಿನಲ್ಲಿ ಗಗನ್ ಮಾರ್ಗಕ್ರಮಣಕ್ಕೂ, ೨೦೧೫ರ ಏಪ್ರಿಲಿನಲ್ಲಿ ಇಳಿಯುವಿಕೆಯ ಮಾರ್ಗದರ್ಶನಕ್ಕೂ ಅಂಗೀಕಾರ ಪಡೆಯಿತು. ಸಮಭಾಜಕ ಪ್ರದೇಶದಲ್ಲಿ ಈ ಬಗೆಯ ವ್ಯವಸ್ಥೆಗೆ ಇದೇ ಮೊದಲನೆಯ ಅಂಗೀಕಾರ. ೨೦೨೨ರ ಏಪ್ರಿಲ್ ೨೮ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಪ್ರಯಾಣಿಕ ಸಂಸ್ಥೆಯೊಂದರ ವಿಮಾನ ಇದರ ನೆರವಿನಿಂದ ಪರೀಕ್ಷಾರ್ಥವಾಗಿ ಇಳಿಯಿತು.

ಈ ವ್ಯವಸ್ಥೆಯಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಗಗನ್ ಆಕಾಶದ ನಕ್ಷೆಯಲ್ಲಿ ಐದೈದು ಡಿಗ್ರಿಗಳ ಚೌಕಗಳನ್ನು ಹಾಕಿಕೊಂಡು ಪ್ರತಿ ಮೂಲೆಗೂ ಎರಡು ಸಂಖ್ಯೆಗಳನ್ನು ಕಳುಹಿಸುತ್ತದೆ. ಮೊದಲನೆಯದು, ವಿಳಂಬ ಇಷ್ಟು ಎಂಬ ಅಂದಾಜು. ಎರಡನೆಯದು, ಈ ಅಂದಾಜು ಹೆಚ್ಚೆಂದರೆ ಇಷ್ಟು ತಪ್ಪಿರಬಹುದು ಎಂಬ ಒಪ್ಪಿಗೆ. ವಿಮಾನದ ಯಂತ್ರವು ಎರಡನೆಯ ಸಂಖ್ಯೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ದೋಷದ ಮಿತಿ ಸುರಕ್ಷತೆಯ ಎಲ್ಲೆಯನ್ನು ಮೀರಿದರೆ ಈ ಮಾರ್ಗದರ್ಶನವನ್ನು ಅವಲಂಬಿಸದಂತೆ ಚಾಲಕನನ್ನು ಎಚ್ಚರಿಸುತ್ತದೆ. ಆಗ ಚಾಲಕ ಬೇರೆ ಉಪಾಯವನ್ನು ಹಿಡಿಯಬೇಕು. ಪ್ರಯಾಣಿಕರ ಪ್ರಾಣ ನಿಂತಿರುವುದು ಮೊದಲ ಸಂಖ್ಯೆಯ ಸೊಗಸಿನ ಮೇಲಲ್ಲ, ಎರಡನೆಯದರ ಪ್ರಾಮಾಣಿಕತೆಯ ಮೇಲೆ. ಅಲ್ಪ ದೋಷವಿದ್ದೂ ಅದನ್ನು ಮರೆಮಾಚುವ ಮಾದರಿಗಿಂತ, ದೊಡ್ಡ ದೋಷವಿದ್ದರೂ ಅದನ್ನು ಮುಂಚೆಯೇ ಸಾರುವ ಮಾದರಿ ಸುರಕ್ಷಿತ.

ಇದರ ಅಗತ್ಯವನ್ನು ೨೦೨೪ರ ಮೇ ೧೦ ಮತ್ತು ೧೧ರ ಸೌರಕ್ಷೋಭೆ ಜಗತ್ತಿಗೇ ಮನಗಾಣಿಸಿತು. ಎರಡು ದಶಕಗಳಲ್ಲಿಯೇ ಅತಿ ಪ್ರಬಲವಾದ ಆ ಕಾಂತಕ್ಷೋಭೆಯಲ್ಲಿ ಧ್ರುವಪ್ರಭೆಯ ಕೆಂಪು ಬೆಳಕು ಲಡಾಖಿನ ಹಾನ್ಲೆಯವರೆಗೂ ಕಂಡಿತು. ಬೆಂಗಳೂರಿನಲ್ಲಿ ಕೇಂದ್ರವುಳ್ಳ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಅದನ್ನು ಚಿತ್ರಗಳಲ್ಲಿ ಸೆರೆಹಿಡಿಯಿತು. ಅಮೆರಿಕದಲ್ಲಿ ಬಿತ್ತನೆಯ ಕಾಲದಲ್ಲಿ ಉಪಗ್ರಹದ ಮಾರ್ಗದರ್ಶನವನ್ನು ನಂಬಿದ್ದ ಟ್ರ್ಯಾಕ್ಟರುಗಳು ಸಾಲು ತಪ್ಪಿ, ಅನೇಕ ರೈತರು ಕೆಲಸ ನಿಲ್ಲಿಸಬೇಕಾಯಿತು. ಸಾಮಾನ್ಯ ದಿನಗಳ ಸರಾಸರಿಯಿಂದ ಕಟ್ಟಿದ ಮಾದರಿ ಅಸಾಮಾನ್ಯ ದಿನದಲ್ಲಿ ಕೈಕೊಡುವುದು ಸಹಜ. ಅಂತಹ ದಿನ ನೆರವಾಗುವುದು ಆ ಗಳಿಗೆಯ ಅಳತೆಯೇ.

೭. ಉಪಸಂಹಾರ

ಅಯಾನುಗೋಳದ ಅಧ್ಯಯನಕ್ಕೆ ಬೆಲೆಬಾಳುವ ಉಪಕರಣಗಳೇ ಬೇಕೆಂದಿಲ್ಲ. ಮಧ್ಯಮತರಂಗದ ಒಂದು ಹಳೆಯ ರೇಡಿಯೋ ಇರುವ ಶಾಲೆಯಲ್ಲಿಯೂ ಇದನ್ನು ಆರಂಭಿಸಬಹುದು. ನಾಲ್ಕೈದುನೂರು ಕಿ.ಮೀ. ದೂರದ, ಇನ್ನೂ ಪ್ರಸಾರ ನಡೆಸುತ್ತಿರುವ ಒಂದು ಕೇಂದ್ರವನ್ನು ಆರಿಸಿಕೊಂಡು, ಸಂಜೆ ಐದರಿಂದ ಎಂಟರವರೆಗೆ ಹದಿನೈದು ನಿಮಿಷಗಳಿಗೊಮ್ಮೆ ಅದು ಕೇಳಿಸುವ ಸ್ಪಷ್ಟತೆಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡಬೇಕು. ದಿನಾಂಕ, ಸೂರ್ಯಾಸ್ತದ ಹೊತ್ತು ಮತ್ತು ಅಂಕಗಳನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಕೆಲವು ವಾರಗಳಲ್ಲಿ ಡಿ ಪದರ ಅಳಿಯುವ ಹೊತ್ತು ವಿದ್ಯಾರ್ಥಿಗಳ ಬರವಣಿಗೆಯಲ್ಲಿಯೇ ಮೂಡುತ್ತದೆ. ಒಂದು ವರ್ಷ ಬಿಡದೆ ನಡೆಸಿದರೆ ಋತುಗಳ ಗುರುತೂ ಕಾಣಬಹುದು. ಆ ಅಂಕಗಳಿಂದ ವಿದ್ಯಾರ್ಥಿಗಳು ಮರುದಿನದ ಸಂಜೆಯನ್ನು ಅಂದಾಜು ಮಾಡಿ, ತಮ್ಮ ಅಂದಾಜು ಎಷ್ಟು ತಪ್ಪಬಹುದೆಂಬುದನ್ನೂ ಪಕ್ಕದಲ್ಲಿಯೇ ಬರೆಯಬೇಕು.

ಆ ವಹಿಯಲ್ಲಿ ಬಿಟ್ಟುಹೋದ ದಿನವನ್ನು ಬಿಟ್ಟುಹೋಯಿತೆಂದೇ ಬರೆಯಬೇಕು. ಊಹೆಯ ಅಂಕದಿಂದ ತುಂಬಬಾರದು. ಕೊಡೈಕಾನಲಿನಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ದಾಖಲೆ ಇರಿಸಿದವರು, ಅದು ಮುಂದೊಂದು ದಿನ ವಿಮಾನ ಇಳಿಸಲು ಉಪಯೋಗವಾದೀತೆಂದು ಬಲ್ಲವರಾಗಿರಲಿಲ್ಲ. ಬರೆದುದನ್ನು ಸರಿಯಾಗಿ ಬರೆದರು, ಬಿಡದೆ ಬರೆದರು. ಭಾರತದ ಆಕಾಶ ಪರದೇಶದ ಆಕಾಶದಂತಲ್ಲ ಎಂಬ ಅರಿವು ಅಂತಹವರ ದಾಖಲೆಗಳಿಂದ ಬೆಳೆದು ಬಂದಿತು. ಇಂದಿನ ಮಾದರಿಗಳಿಗೆ ಅದೇ ಬುನಾದಿ.